ಐವತ್ತು ಪುಸ್ತಕ ಓದುವ ಮಗಳಿಗೆ

ಮುಳಬಾಗಿಲು

ಪ್ರೀತಿಯ ಚಿನ್ನಿ,

ಈ ವರ್ಷ ಐವತ್ತು ಪುಸ್ತಕ ಓದಬೇಕು ಅಂತ ನೀನು ಮೊಬೈಲಿನಲ್ಲಿ ಗುರಿ ಹಾಕಿಕೊಂಡಿದ್ದೀಯಂತೆ. ನಿಮ್ಮಪ್ಪ ತೋರಿಸಿದರು. ಎಷ್ಟು ಮುಗೀತು, ಎಷ್ಟು ಬಾಕಿ ಅಂತ ಅದೇ ಲೆಕ್ಕ ಇಟ್ಟಿದೆ. ನನಗೆ ತುಂಬಾ ಖುಷಿಯಾಯಿತು. ದುಡಿದು ಸುಸ್ತಾಗಿ ಪಿಜಿಗೆ ಬಂದ ಮೇಲೂ ಪುಸ್ತಕ ಕೈಗೆ ತಗೊಳ್ಳುತ್ತೀಯಲ್ಲ, ಅದು ಸಣ್ಣ ಮಾತಲ್ಲ.

"ನೀನೇನು ಓದ್ತಿದ್ದೀಯಮ್ಮ, ನಿನ್ನ ಗುರಿ ಏನು?" ಅಂತ ಕೇಳಿದೆಯಲ್ಲ, ಫೋನಿನಲ್ಲಿ ಅದನ್ನೆಲ್ಲ ಹೇಳಲು ಆಗುವುದಿಲ್ಲ. ಇಲ್ಲಿ ಯಾರೋ ಬರುತ್ತಾರೆ, ಅಲ್ಲಿ ನಿನಗೆ ಮೀಟಿಂಗ್ ಇರುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನೀನೂ ಕೂತು ಓದು.

ಮೊದಲು ಮಾಸ್ತಿಯವರ ಕತೆಗಳು. ಅವರು ನಮ್ಮ ಜಿಲ್ಲೆಯವರು ಅನ್ನುವ ಅಭಿಮಾನ ನನಗೆ ಯಾವಾಗಲೂ ಇದೆ. ಮಾಲೂರು ತಾಲೂಕಿನ ಮಾಸ್ತಿ ಇಲ್ಲಿಗೇನು ದೂರವಲ್ಲ. ಮನೆಯಲ್ಲಿ ಆಡುತ್ತಿದ್ದದ್ದು ತಮಿಳು, ಬರೆದದ್ದು ಕನ್ನಡ. ನಮ್ಮ ಕಡೆ ಇದು ಯಾರಿಗೂ ವಿಚಿತ್ರ ಅನಿಸುವುದಿಲ್ಲ. ನಮ್ಮ ಮನೆಯಲ್ಲೂ ಜಗಳ, ಮುದ್ದು ಎಲ್ಲ ತೆಲುಗಿನಲ್ಲಿ, ಓದು ಬರಹ ಕನ್ನಡದಲ್ಲಿ, ಅಲ್ವಾ? 'ಚಿಕವೀರ ರಾಜೇಂದ್ರ'ಕ್ಕೆ 1983ರ ಜ್ಞಾನಪೀಠ ಬಂತು ಅಂತ ಎಲ್ಲರೂ ಹೇಳುತ್ತಾರೆ. ಆದರೆ ನನಗೆ ಅವರ ಸಣ್ಣ ಕತೆಗಳೇ ಇಷ್ಟ. ಕತೆ ಹೇಳುವ ದನಿ ಎಲ್ಲೂ ಏರುವುದಿಲ್ಲ. ಜಗುಲಿ ಮೇಲೆ ಕೂತು ಹೇಳುತ್ತಿದ್ದಾರೆ, ನಾವು ಕಂಬಕ್ಕೆ ಒರಗಿ ಕೇಳುತ್ತಿದ್ದೇವೆ ಅನಿಸುತ್ತದೆ.

'ರಂಗನ ಮದುವೆ' ಅಂತ ಒಂದು ಕತೆ ಇದೆ. ಬೆಂಗಳೂರಿನಲ್ಲಿ ಓದಿ ಬಂದ ರಂಗನನ್ನು ನೋಡಲು ಹೊಸಹಳ್ಳಿಯ ಜನ ಮುಗಿಬೀಳುತ್ತಾರೆ. ಇಂಗ್ಲಿಷ್ ಕಲಿತವನು ಜಾತಿ ಬಿಟ್ಟಿದ್ದಾನೋ ಏನೋ ಅಂತ ಅವರ ಕುತೂಹಲ. ಒಬ್ಬ ಅಜ್ಜಿಯಂತೂ ಜನಿವಾರ ಇದೆಯಾ ಅಂತ ಮುಟ್ಟಿ ನೋಡುತ್ತಾಳೆ. ಕತೆ ಹೇಳುವ ಶ್ಯಾಮ ಈ ರಂಗನಿಗೆ ಮದುವೆ ಮಾಡಿಸಲೇಬೇಕು ಅಂತ ಹೊರಡುತ್ತಾನೆ. ರಾಮರಾಯರ ಮನೆಗೆ ಬಂದಿರುವ ರತ್ನ ಅನ್ನುವ ಹುಡುಗಿಯನ್ನು ತನ್ನ ಮನೆಗೆ ಕರೆಸಿ ಹಾಡಿಸುತ್ತಾನೆ. ಅದೇ ಹೊತ್ತಿಗೆ ರಂಗ ಬರುವ ಹಾಗೆ ಮಾಡುತ್ತಾನೆ. ರಂಗ ಬಾಗಿಲಲ್ಲಿ ನಿಲ್ಲುತ್ತಾನೆ, ಅವಳು ಹಾಡು ನಿಲ್ಲಿಸಿ ಒಳಗೆ ಓಡುತ್ತಾಳೆ. ಆಮೇಲೆ ಅವಳಿಗೆ ಮದುವೆಯಾಗಿದೆ ಅಂತ ಸುಳ್ಳು ಹೇಳಿ ಅವನ ಮುಖ ಬಾಡುವುದನ್ನು ನೋಡುವುದು, ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು ಜೋಯಿಸ ಹೇಳಿಸುವುದು! ಎಷ್ಟು ಸಲ ಓದಿದರೂ ನಗು ಬರುತ್ತದೆ.

ಇದನ್ನು ಮೊನ್ನೆ ಅಜ್ಜಿಗೆ ಓದಿ ಹೇಳಿದೆ. ಈಗ ಮಧ್ಯಾಹ್ನ ದಿನಾ ಅಜ್ಜಿಗೆ ಓದಿ ಹೇಳುತ್ತಿದ್ದೇನೆ. ಕಣ್ಣಿನ ಆಪರೇಷನ್ ಆದ ಮೇಲೂ ಅಜ್ಜಿಗೆ ಟಿವಿ ನೋಡಿದರೆ ನೀರು ಬರುತ್ತದೆ. ಆವತ್ತು ಹಜಾರದಲ್ಲಿ ಹುಣಸೆಹಣ್ಣು ಕುಟ್ಟುತ್ತಾ ಕೂತಿದ್ದರು. ಒಂದೊಂದೇ ಹಣ್ಣು ಕಲ್ಲಿನ ಮೇಲಿಟ್ಟು ಒಂದು ಏಟು, ಬೀಜ ಆ ಕಡೆ, ನಾರು ಈ ಕಡೆ. ಜನಿವಾರದ ಪ್ರಸಂಗಕ್ಕೆ ಜೋರಾಗಿ ನಕ್ಕರು. ಶಾಸ್ತ್ರಿಗಳ ಜೋಯಿಸಕ್ಕೂ ನಕ್ಕರು. ಕತೆ ಮುಗಿಯಿತು. ನಾನು ಪುಸ್ತಕ ಮುಚ್ಚಿದೆ. ಅಜ್ಜಿ ಕುಟ್ಟುವುದನ್ನು ನಿಲ್ಲಿಸಿ ಕೇಳಿದರು, "ಆ ಹುಡುಗಿ ಹಾಡು ಬಿಟ್ಟು ಒಳಗೆ ಓಡಿದಳಲ್ಲ. ಅವಳೇನಂದಳು?"

ನಾನು ಮತ್ತೆ ಪುಟ ತಿರುವಿ ನೋಡಿದೆ. ರಂಗ ಏನಂದ, ಶ್ಯಾಮ ಏನಂದ, ಶಾಸ್ತ್ರಿಗಳು ಏನಂದರು ಎಲ್ಲ ಇದೆ. ರತ್ನ ಏನಂದಳು ಅಂತ ಇಲ್ಲ. ಅವಳಿಗೆ ಹನ್ನೊಂದು ವರ್ಷ.

"ನನ್ನನ್ನೂ ಯಾರೂ ಕೇಳಲಿಲ್ಲ" ಅಂದರು ಅಜ್ಜಿ. ಹದಿಮೂರಕ್ಕೆ ಮದುವೆಯಾಯಿತು ಅಂತ ನಮಗೆಲ್ಲ ಗೊತ್ತಿತ್ತಲ್ಲ. ಅದು ಹೇಗಾಯಿತು ಅಂತ ಇಷ್ಟು ವರ್ಷದಲ್ಲಿ ಯಾರೂ ವಿಚಾರಿಸಿರಲಿಲ್ಲ. ಆವತ್ತು ಹೇಳಿದರು. ಕೆರೆ ಕಟ್ಟೆ ಮೇಲೆ ಕುಂಟಾಬಿಲ್ಲೆ ಆಡುತ್ತಿದ್ದರಂತೆ. ಅವರ ದೊಡ್ಡಪ್ಪ ಬಂದು ಕೈ ಹಿಡಿದು ಮನೆಗೆ ಕರೆದುಕೊಂಡು ಹೋದರಂತೆ. ಮುಖ ತೊಳೆಸಿ, ಹೂ ಮುಡಿಸಿ, ಯಾರೋ ನಾಲ್ಕು ಜನರ ಮುಂದೆ ಕೂರಿಸಿದರಂತೆ. ಮಾರನೆಯ ವಾರ ಮದುವೆ. ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ, ಅಜ್ಜಿ ಹುಟ್ಟುವುದಕ್ಕೂ ಎಷ್ಟೋ ಮುಂಚೆ. ಆ ಕಾಯ್ದೆ ಅವರ ಊರಿನ ಕೆರೆ ಕಟ್ಟೆಯವರೆಗೂ ಬಂದಿರಲಿಲ್ಲ ಅಷ್ಟೇ. "ಬಿಲ್ಲೆ ಅಲ್ಲೇ ಬಿಟ್ಟು ಬಂದೆ" ಅಂದರು. ಮತ್ತೆ ಕುಟ್ಟಲು ಶುರುಮಾಡಿದರು.

ಇದರಿಂದ ನನಗೆ ಮಾಸ್ತಿಯವರ ಮೇಲೆ ಗೌರವ ಕಮ್ಮಿಯಾಗಲಿಲ್ಲ. ಕತೆ ಬರೆದ ಕಾಲ ನೋಡಬೇಕು. ನೂರು ವರ್ಷದ ಹಿಂದಿನ ಮಾತು. ಹೆಂಗಸರ ದುಃಖ ಅವರಷ್ಟು ಮೆತ್ತಗೆ ಬರೆದವರು ಆ ಕಾಲದಲ್ಲಿ ಎಷ್ಟು ಜನ ಇದ್ದರು? ಆದರೂ ಅಜ್ಜಿಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಂದಿನಿಂದ ಯಾವ ಪುಸ್ತಕ ಹಿಡಿದರೂ ಅದೇ. ಇದರಲ್ಲಿ ಯಾರನ್ನು ಕೇಳಲಿಲ್ಲ? ಅವಳೇನಂದಳು?

ಆಮೇಲೆ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ತಂದೆ. 1976ರಲ್ಲಿ ಬಂದ ಕಾದಂಬರಿ. ಬೇಕು ಅಂತಲೇ ಇದನ್ನು ಆರಿಸಿದೆ. ನಿಜವಾಗಿ ಬದುಕಿದ್ದ ಹೆಂಗಸಿನ ಕತೆ ಇದು. ತೀರ ಸಣ್ಣ ವಯಸ್ಸಿಗೆ ಗಂಡ ಸತ್ತ, ತಲೆ ಬೋಳಿಸಿದರು, ನೂರಹನ್ನೆರಡು ವರ್ಷ ಬದುಕಿದಳು. ಇಂದಿರಾ ಅವರದು ಸರಳ ಬರವಣಿಗೆ. ಗೋಳಾಡುವುದಿಲ್ಲ. ಅದಕ್ಕೇ ಎದೆಗೆ ಜಾಸ್ತಿ ತಾಗುತ್ತದೆ. ಫಣಿಯಮ್ಮ ಯಾರ ಮೇಲೂ ರೇಗುವುದಿಲ್ಲ, ಎಲ್ಲರ ಮನೆ ಕೆಲಸ ಮಾಡಿಕೊಡುತ್ತಾಳೆ, ಬಾಣಂತನ ಮಾಡುತ್ತಾಳೆ. ಇಷ್ಟು ಒಳ್ಳೆಯವಳಾಗಿರಬೇಕಿತ್ತಾ ಅಂತ ನನಗೆ ಸಿಟ್ಟು ಬರುತ್ತಿತ್ತು. ದಾಕ್ಷಾಯಿಣಿಯ ಪ್ರಸಂಗ ಬಂದಾಗ ಆ ಸಿಟ್ಟು ಇಳಿಯಿತು. ಆ ಹುಡುಗಿಗೂ ಗಂಡ ಸತ್ತ. ತಲೆ ಬೋಳಿಸಿಕೊಳ್ಳಲ್ಲ ಅಂತ ಅವಳು ಎದ್ದು ನಿಲ್ಲುತ್ತಾಳೆ. ಮಡಿಯ ಫಣಿಯಮ್ಮ ತಮ್ಮ ಪರವಾಗಿ ಬರುತ್ತಾಳೆ ಅಂತ ಹಿರಿಯರು ಅಂದುಕೊಂಡಿದ್ದರೆ, ಅವಳು ಹುಡುಗಿಯ ಪರ ನಿಲ್ಲುತ್ತಾಳೆ. ತನ್ನ ಕಾಲದಲ್ಲಿ ಆಡದ ಮಾತನ್ನು ಇನ್ನೊಬ್ಬಳಿಗಾಗಿ ಆಡುತ್ತಾಳೆ. ಅಜ್ಜಿ ಆ ಭಾಗವನ್ನು ಎರಡು ಸಲ ಓದಿಸಿಕೊಂಡರು.

ಇಂದಿರಾ ಅವರ ಬಗ್ಗೆ ಇನ್ನೊಂದು ಮಾತು. ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ. ಹುಟ್ಟಿದ್ದು 1917. ಲೆಕ್ಕ ಹಾಕು. ನನ್ನ ವಯಸ್ಸಿನಲ್ಲಿ ಶುರುಮಾಡಿದವರು ಅವರು. ಪಿಯುಸಿಗೇ ಓದು ನಿಂತ ನನ್ನಂಥವಳಿಗೆ ಇದು ಎಷ್ಟು ಧೈರ್ಯ ಕೊಟ್ಟಿತು ಅಂತ ನಿನಗೆ ಹೇಳಲೇಬೇಕು ಅನಿಸಿತು.

ಮೂರನೆಯದು ಬಾನು ಮುಷ್ತಾಕ್ ಅವರ 'ಎದೆಯ ಹಣತೆ'. 2025ರ ಮೇನಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನೀನೇ ಫೋನ್ ಮಾಡಿ ಕೂಗಿ ಹೇಳಿದ್ದೆ. ಸಣ್ಣ ಕತೆಗಳ ಪುಸ್ತಕಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು, ಕನ್ನಡಕ್ಕೂ ಅದೇ ಮೊದಲು. ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದವನ್ನು ನೀನು ಆಗಲೇ ಕೊಂಡುಕೊಂಡೆ. ಇನ್ನೂ ಓದಿಲ್ಲ, ಕಪಾಟಿನಲ್ಲಿದೆ ಅಂದೆ. ದಯವಿಟ್ಟು ಓದು. ಆದರೆ ಕನ್ನಡದಲ್ಲಿ ಓದು. ಹಾಸನದ ಆ ಮನೆಗಳ ಮಾತು, ಬೈಗುಳ, ನಡುವೆ ಬರುವ ಉರ್ದು, ಇದೆಲ್ಲ ನಿನಗೆ ನೇರವಾಗಿ ಸಿಗುತ್ತದೆ. ಕೋಲಾರದಲ್ಲಿ ಬೆಳೆದ ಹುಡುಗಿ ನೀನು, ಉರ್ದು ಕೇಳಿಕೊಂಡೇ ದೊಡ್ಡವಳಾದವಳು.

ಪುಸ್ತಕಕ್ಕೆ ಹೆಸರು ಕೊಟ್ಟ ಕತೆಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ಮೆಹರುನ್ ಅಂತ ಒಬ್ಬಳು. ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದಾನೆ. ಕೈಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣಂದಿರು ಅವಳ ಮಾತು ಕೇಳುವುದೇ ಇಲ್ಲ. ಮನೆಯ ಮಾನದ ಮಾತಾಡುತ್ತಾರೆ. ಅವತ್ತೇ ವಾಪಸು ಕರೆದುಕೊಂಡು ಹೋಗಿ ಬಿಡುತ್ತಾರೆ. ಇಲ್ಲಿ ಮೆಹರುನ್ ಮಾತಾಡುತ್ತಾಳೆ ಚಿನ್ನಿ. ಚೆನ್ನಾಗಿ, ಬಿಡಿಸಿ ಹೇಳುತ್ತಾಳೆ. ಕೇಳುವವರು ಯಾರೂ ಇಲ್ಲ. ಅಜ್ಜಿಯ ಪ್ರಶ್ನೆಯ ಇನ್ನೊಂದು ಮಗ್ಗಲು ನನಗೆ ಕಂಡದ್ದು ಅಲ್ಲಿ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ದೊಡ್ಡ ಮಗಳು ಸಲ್ಮಾ ಕೂಸನ್ನು ಎತ್ತಿಕೊಂಡು ಓಡಿ ಬಂದು ಅಮ್ಮನ ಕಾಲು ಹಿಡಿದುಕೊಳ್ಳುತ್ತಾಳೆ.

ಆ ಪುಟ ಓದಿದಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ನಿಮ್ಮಪ್ಪ ವಡ್ಡಹಳ್ಳಿ ಮಾರ್ಕೆಟ್ಟಿಗೆ ಟೊಮೆಟೊ ಹಾಕಿಕೊಂಡು ಹೋಗಿದ್ದರು. ಅಜ್ಜಿ ಮಲಗಿದ್ದರು. ನಾನು ಪುಸ್ತಕ ಹಿಡಿದುಕೊಂಡೇ ಅತ್ತೆ. ನನಗೆ ಅಂಥ ಕಷ್ಟ ಬಂದಿಲ್ಲ. ಆದರೆ ತವರಿಗೆ ಹೋದ ಹೆಣ್ಣುಮಗಳಿಗೆ ಹೊಸಿಲಲ್ಲೇ "ಯಾವಾಗ ವಾಪಸು ಹೋಗ್ತೀಯ" ಅಂತ ಕೇಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಅದಕ್ಕೇ ಈ ಪತ್ರದಲ್ಲಿ ಒಂದು ಮಾತು ಬರೆದಿಡುತ್ತೇನೆ. ಮುಂದೆ ನಿನಗೆ ಮದುವೆಯಾಗಲಿ, ಆಗದೇ ಇರಲಿ, ಈ ಮನೆಗೆ ಬರಲು ನೀನು ಕಾರಣ ಹೇಳಬೇಕಾಗಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ನೀನು "ಗೊತ್ತಮ್ಮ" ಅಂದುಬಿಡುತ್ತೀಯ. ಬರೆದಿದ್ದೇನೆ, ಇಟ್ಟುಕೋ.

ಎಲ್ಲ ಪುಸ್ತಕವೂ ಹೀಗೆ ತಾಗಲಿಲ್ಲ. ಹೋದ ಸಲ ನೀನು ತಂದುಕೊಟ್ಟೆಯಲ್ಲ, ಜೀವನದಲ್ಲಿ ಗೆಲ್ಲುವುದು ಹೇಗೆ ಅಂತ ಹೇಳುವ ಪುಸ್ತಕ, ಅದನ್ನು ಪೂರ್ತಿ ಓದಿದೆ. ಹಿಡಿಸಲಿಲ್ಲ. ಬೆಳಗ್ಗೆ ಬೇಗ ಏಳಬೇಕು ಅಂತ ಅಷ್ಟು ಪುಟ ಬರೆದಿದ್ದಾರೆ. ಬೆಳಗ್ಗೆ ಎದ್ದು ನೀರು ಹಿಡಿದು, ಬುತ್ತಿ ಕಟ್ಟಿ, ಎಲ್ಲರನ್ನೂ ಕಳಿಸುವವರು ಆ ಪುಸ್ತಕದಲ್ಲಿ ಒಬ್ಬರೂ ಇಲ್ಲ.

ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ' ಶುರುಮಾಡಿದ್ದೇನೆ. ಹುಟ್ಟಿದ್ದು ನಮ್ಮ ಮುಳಬಾಗಿಲಿನಲ್ಲೇ, 1887ರಲ್ಲಿ. ಮೆಟ್ರಿಕ್ಯುಲೇಷನ್ ಕೂಡ ಪಾಸಾಗದೆ ಅಷ್ಟು ದೊಡ್ಡ ವಿದ್ವಾಂಸರಾದವರು. ಜನಕ್ಕೆ ಅವರು ಅಂದರೆ ಕಗ್ಗ. ದಿನಾ ಬೆಳಗ್ಗೆ ವಾಟ್ಸಾಪಿನಲ್ಲಿ ಒಂದು ಪದ್ಯ ಬರುತ್ತದೆ, ಜೊತೆಗೆ ಒಂದು ಹೂವಿನ ಚಿತ್ರ. ಒಳ್ಳೆಯದೇ. ಆದರೆ ನನಗೆ ಅವರ ಗದ್ಯ ಇನ್ನೂ ಇಷ್ಟ. ತಾವು ಕಂಡ ಜನರನ್ನು ಅವರು ನೆನಪಿಸಿಕೊಳ್ಳುವ ರೀತಿ ನೋಡಬೇಕು. ದೊಡ್ಡವರ ದೊಡ್ಡ ಕೆಲಸಕ್ಕಿಂತ ಅವರ ನಡೆ, ಮಾತು, ಊಟ, ಸಿಟ್ಟು ಇವೇ ಮನಸ್ಸಿನಲ್ಲಿ ನಿಲ್ಲುತ್ತವೆ. ಎಂಟು ಸಂಪುಟ ಇದೆ. ನಿಧಾನಕ್ಕೆ ಓದುತ್ತೇನೆ, ಅವಸರ ಏನಿಲ್ಲ.

ಇನ್ನು ಈಗ ದಿಂಬಿನ ಪಕ್ಕ ಇರುವುದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. ಅರ್ಧ ಆಗಿದೆ. ಎಷ್ಟು ಜನ, ಎಷ್ಟು ಮನೆ! ಯಾರು ಯಾರ ಮನೆಯವರು ಅಂತ ಒಂದು ಹಾಳೆಯಲ್ಲಿ ಬರೆದು ಪುಸ್ತಕದಲ್ಲೇ ಇಟ್ಟುಕೊಂಡಿದ್ದೇನೆ. ಕೆರೆ ತುಂಬಿದರೆ ಬಾಗಿನ ಕೊಡಲು ಓಡುವ ಊರಿನವಳು ನಾನು. ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲಿನಲ್ಲಿ ಬರೀ ಧೂಳು ಬಂದದ್ದನ್ನು ನೋಡಿದವಳು. ಆ ಪುಸ್ತಕದಲ್ಲಿ ಮಳೆ ಶುರುವಾದರೆ ನಿಲ್ಲುವುದೇ ಇಲ್ಲ, ಇಂಬಳ ಕಾಲಿಗೆ ಹತ್ತುತ್ತದೆ, ಕಾಡಿನಲ್ಲಿ ದಾರಿಯೇ ಕಾಣುವುದಿಲ್ಲ. ಓದುತ್ತಾ ಓದುತ್ತಾ ಸೆರಗು ಹೊದ್ದುಕೊಳ್ಳುತ್ತೇನೆ. ಮನೆಯವರು ಬೇರೆ ಕಡೆ ಮದುವೆ ಗೊತ್ತುಮಾಡಿದ್ದರೂ ಗುತ್ತಿಯ ಜೊತೆ ಹೊರಟುಬಿಡುವ ತಿಮ್ಮಿಯನ್ನು ಅಜ್ಜಿಗೆ ಓದಿ ಹೇಳಿದೆ. "ಹೋಗಲಿ, ಹೋಗಲಿ, ಹಿಂದೆ ತಿರುಗಿ ನೋಡಬೇಡ" ಅಂತ ಪುಸ್ತಕದ ಕಡೆಗೇ ಕೈ ಬೀಸಿದರು. ಗುತ್ತಿಯ ನಾಯಿ ಹುಲಿಯ ಎಲ್ಲಿ ಹೋಯಿತು ಅಂತ ದಿನಾ ಕೇಳುತ್ತಾರೆ. ನೀನು ಪೂರ್ತಿ ಓದಿದವಳು, ಮುಂದೆ ಏನಾಗುತ್ತದೆ ಅಂತ ಅವರಿಗೆ ಮಾತ್ರ ಹೇಳಬೇಡ.

ಈಗ ನಿನ್ನ ಐವತ್ತರ ವಿಷಯ. ಹೋದ ವಾರ ಮುಗಿಸಿದ ಕಾದಂಬರಿ ಹೇಗಿತ್ತು ಅಂತ ಕೇಳಿದೆ. "ಚೆನ್ನಾಗಿತ್ತಮ್ಮ, ಹೆಸರುಗಳು ನೆನಪಿಲ್ಲ" ಅಂದೆ. ಅದು ನನಗೆ ಬೇಜಾರಾಯಿತು. ಲೆಕ್ಕ ಇಡಬೇಡ ಅಂತ ನಾನು ಹೇಳುವುದಿಲ್ಲ. ಟೊಮೆಟೊ ಲೆಕ್ಕ ಬರೆಯುವವಳೇ ನಾನು. ಹದಿನೈದು ಕೆಜಿಯ ಬಾಕ್ಸ್ ಎಷ್ಟು ಹೋಯಿತು ಅಂತ ಮಾತ್ರ ಬರೆದರೆ ಆಗುತ್ತದಾ? ಯಾವ ದರಕ್ಕೆ ಹೋಯಿತು, ಕೈಗೆ ಏನು ಬಂತು ಅಂತಲೂ ಬರೆಯಬೇಕು. ನಿನ್ನ ಮೊಬೈಲ್ ಬಾಕ್ಸ್ ಮಾತ್ರ ಎಣಿಸುತ್ತಿದೆ. ಐವತ್ತನ್ನು ಇಪ್ಪತ್ತಕ್ಕೆ ಇಳಿಸು. ನಷ್ಟವೇನೂ ಇಲ್ಲ. ಓದಿದ ಪ್ರತಿ ಪುಸ್ತಕಕ್ಕೂ ನಾಲ್ಕು ಸಾಲು ಬರೆದಿಡು. ಏನು ಹಿಡಿಸಿತು, ಎಲ್ಲಿ ಜಗಳ ಆಡಬೇಕು ಅನಿಸಿತು, ಯಾರ ಮಾತು ಕೇಳಿಸಲೇ ಇಲ್ಲ. ನಾನು ಟೊಮೆಟೊ ಲೆಕ್ಕದ ಪುಸ್ತಕವನ್ನೇ ಹಿಂದಿನಿಂದ ತಿರುಗಿಸಿ ಬರೆಯುತ್ತಿದ್ದೇನೆ. ನಿಮ್ಮಪ್ಪ ದರ ಹುಡುಕಲು ಹೋಗಿ ಮೊನ್ನೆ ಫಣಿಯಮ್ಮನ ಬಗ್ಗೆ ಓದಿಕೊಂಡು ಬಂದರು. "ಪುಸ್ತಕ ಕೊಡು, ನಾನೂ ಓದ್ತೀನಿ" ಅಂದರು!

ನನ್ನ ಗುರಿ ಕೇಳಿದೆಯಲ್ಲ. ನಾನು ಯುಗಾದಿಯಿಂದ ಯುಗಾದಿಗೆ ಲೆಕ್ಕ ಹಾಕುತ್ತೇನೆ. ಮಲೆಗಳಲ್ಲಿ ಮದುಮಗಳನ್ನು ಮುಗಿಸಬೇಕು. ದೇವನೂರ ಮಹಾದೇವ ಅವರ 'ಒಡಲಾಳ' ಓದಬೇಕು. ಸಾಕವ್ವನ ಮನೆಯವರು ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯೆಲ್ಲ ಕೂತು ತಿನ್ನುವ ಪ್ರಸಂಗವನ್ನು ನಮ್ಮ ಲೈಬ್ರರಿಯವರು ಎಷ್ಟು ಚೆನ್ನಾಗಿ ಹೇಳಿದರು ಅಂದರೆ, ಅಲ್ಲೇ ಪುಸ್ತಕ ತೆಗೆದಿಡಿಸಿ ಬಂದಿದ್ದೇನೆ. ಕಡಲೆಕಾಯಿ ಬೆಳೆಯುವ ಊರಿನವರು ನಾವು, ಅದು ನಮಗೆ ಬೇರೆ ಥರಾನೇ ಅರ್ಥವಾಗುತ್ತದೆ. ವೈದೇಹಿ ಅವರ ಕತೆಗಳನ್ನೂ ಓದಬೇಕು. ಇಷ್ಟು ಸಾಕು. ಇದಕ್ಕಿಂತ ಜಾಸ್ತಿ ಆದರೆ ಆಗಲಿ.

ಇನ್ನೊಂದು ಗುರಿ ಇದೆ, ನನಗೆ ಅದೇ ಮುಖ್ಯ. ಗ್ರಾಮ ಪಂಚಾಯಿತಿ ಲೈಬ್ರರಿಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರು. ನಮ್ಮ ಅರಿವು ಕೇಂದ್ರಕ್ಕೆ ಭಾನುವಾರ ಎಂಟನೇ, ಒಂಬತ್ತನೇ ಕ್ಲಾಸಿನ ಹುಡುಗಿಯರು ಬರುತ್ತಾರೆ. ಹೆಚ್ಚಿನವರು ಕಂಪ್ಯೂಟರ್ ನೋಡಲು ಬರುತ್ತಾರೆ, ಬರಲಿ. ಅವರನ್ನು ಕೂರಿಸಿಕೊಂಡು 'ರಂಗನ ಮದುವೆ' ಓದಿ ಹೇಳುತ್ತೇನೆ ಅಂತ ಕೇಳಿದೆ. ಒಪ್ಪಿದ್ದಾರೆ. ಎಲ್ಲರೂ ಚೆನ್ನಾಗಿ ನಗಲಿ. ನಕ್ಕಾದ ಮೇಲೆ ಒಂದೊಂದು ಹಾಳೆ ಕೊಟ್ಟು, ಒಳಗೆ ಓಡಿಹೋದ ರತ್ನ ಏನಂದಳು ಅಂತ ನೀವೇ ಬರೆಯಿರಿ ಅನ್ನುತ್ತೇನೆ. ಹದಿನೆಂಟಕ್ಕೆ ಮುಂಚೆ ಮದುವೆ ಮಾಡಬಾರದು ಅಂತ ಆ ಹುಡುಗಿಯರಿಗೆ ಗೊತ್ತಿದೆ, ಶಾಲೆಯ ಗೋಡೆ ಮೇಲೆ ಬರೆದಿದ್ದಾರೆ. ಆದರೆ "ನನಗೆ ಬೇಡ" ಅಂತ ಮನೆಯಲ್ಲಿ ಹೇಳಲು ಬಾಯಿ ಬರಬೇಕಲ್ಲ. ಹಾಳೆಯ ಮೇಲೆ ಒಂದು ಸಲ ಬರೆದವಳಿಗೆ ಬಾಯಲ್ಲಿ ಹೇಳುವುದು ಸ್ವಲ್ಪ ಸುಲಭವಾಗಬಹುದು. ಹಾಗಂತ ನಾನು ನಂಬಿದ್ದೇನೆ. ರತ್ನನಿಗೆ ರಂಗ ಇಷ್ಟವಾಗಿದ್ದ ಅಂತ ಯಾರಾದರೂ ಬರೆದರೆ ಅದೂ ಸರಿಯೇ. ಅವಳು ಹೇಳಲಿ ಅನ್ನುವುದಷ್ಟೇ ನನ್ನ ಆಸೆ.

ನಿನಗೂ ಒಂದು ಹಾಳೆ ಈ ಕವರಿನಲ್ಲಿ ಇಟ್ಟಿದ್ದೇನೆ. ಯುಗಾದಿಗೆ ಬರುವಾಗ ಬರೆದುಕೊಂಡು ಬಾ. ಕಂಪ್ಯೂಟರಿನಲ್ಲಿ ಬೇಡ, ಕೈಯಲ್ಲಿ ಬರಿ. ನಾನೂ ಬರೆಯುತ್ತೇನೆ. ಎರಡನ್ನೂ ಅಜ್ಜಿಯ ಮುಂದೆ ಓದೋಣ. ಅಜ್ಜಿ ತಮ್ಮದನ್ನು ಬಾಯಲ್ಲಿ ಹೇಳುತ್ತಾರಂತೆ, ನೀನು ಬರೆದುಕೊಳ್ಳಬೇಕಂತೆ. ಒಂದು ಖಾಲಿ ನೋಟ್‌ಬುಕ್ ತಗೊಂಡು ಬಾ, ದೊಡ್ಡದೇ ಇರಲಿ.

ಇಂತಿ ನಿನ್ನ
ಅಮ್ಮ